ಮೊದಲು ಎತ್ತಿ, ಆಮೇಲೆ ಒತ್ತುವ ಗಾಳಿ

ಭರಣಿ ಮಳೆಯ ದಿನಗಳು. ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಮಧ್ಯಾಹ್ನವೆಲ್ಲ ಉಸಿರುಗಟ್ಟುವ ಧಗೆ. ಇಳಿಹೊತ್ತಿಗೆ ಪಡುವಣದಲ್ಲಿ ಮೋಡ ಏರುತ್ತದೆ; ತಳ ಕಪ್ಪು, ನೆತ್ತಿ ಬಿಳಿ. ಅದರ ಹೊಟ್ಟೆಯಿಂದ ಮಳೆಯ ಎಳೆಗಳು ಜೋತುಬಿದ್ದಿವೆ, ನೆಲ ಮುಟ್ಟಿಲ್ಲ. "ಗಾಳಿ ತಿರಗತೈತಿ, ತಾಡಪತ್ರಿ ಬಿಗೀರೋ!" ಎಂದು ಹಿರಿಯರೊಬ್ಬರು ಕೂಗುವಷ್ಟರಲ್ಲಿ ಕೆಂಧೂಳು ಮೈಮೇಲೆ.

ನೆಲ ಮುಟ್ಟದ ಆ ಮಳೆಯದೇ ಕಿತಾಪತಿ. ಒಣಹವೆಯಲ್ಲಿ ಆವಿಯಾಗುವ ಹನಿ ಸುತ್ತಲಿನ ಕಾವನ್ನು ಹೀರುತ್ತದೆ. ತಣಿದು ಭಾರವಾದ ಗಾಳಿ ಧೊಪ್ಪನೆ ಕುಸಿದು, ಹಾಸುಗಲ್ಲಿನ ಮೇಲೆ ಕೊಡ ಬಗ್ಗಿಸಿದ ನೀರಿನಂತೆ ಸುತ್ತಲೂ ಚೆಲ್ಲುತ್ತದೆ. ಹರವು ನಾಲ್ಕು ಕಿಲೋಮೀಟರಿನೊಳಗೆ, ಆಯುಷ್ಯ ಹೆಚ್ಚೆಂದರೆ ಹದಿನೈದು ನಿಮಿಷ. ಇದನ್ನು 'ಮೈಕ್ರೋಬರ್ಸ್ಟ್' ಎಂದು ಗುರುತಿಸಿದವರು ಹವಾಮಾನ ವಿಜ್ಞಾನಿ ಟೆಟ್ಸುಯಾ ಫುಜಿತಾ. 1945ರಲ್ಲಿ ನಾಗಸಾಕಿಯಲ್ಲಿ ಬಾಂಬಿನ ಹೊಡೆತದ ಗುರುತುಗಳನ್ನು ಅಳೆದಿದ್ದ ಅವರಿಗೆ, ಮುಂದೆ ಅಮೆರಿಕದ ಬಿರುಗಾಳಿಗೆ ಸುತ್ತಲೂ ಒರಗಿದ ಮರಗಳನ್ನು ಕಂಡಾಗ ಅದೇ ನೆನಪಾಯಿತು. ಸಹವಿಜ್ಞಾನಿಗಳಲ್ಲಿ ಹಲವರು ಮೊದಲಿಗೆ ನಂಬಲಿಲ್ಲ.

ಮೋಡ ಮುಂದೆ ಸರಿದಂತೆ ಧೂಳಿನ ಗೋಡೆ ಬಬಲೇಶ್ವರದ ಎರೆಹೊಲಗಳನ್ನು ದಾಟಿ ವಿಜಯಪುರಕ್ಕೆ ನುಗ್ಗುತ್ತದೆ. ಅಂಗಡಿಗಳ ಷಟರ್ ದಡಬಡ ಬೀಳುತ್ತವೆ, ಗೋಳಗುಮ್ಮಟವೂ ಮಸುಕು. ಪಕ್ಕದ ಬುರಣಾಪುರದ ವಿಮಾನ ನಿಲ್ದಾಣದ ರನ್‌ವೇಗೆ ಈ ಹೊತ್ತಿನಲ್ಲಿ ಒಂದು ವಿಮಾನ ಇಳಿಯುತ್ತಿದೆ ಎಂದುಕೊಳ್ಳಿ. ಎತ್ತರ ಮುನ್ನೂರು ಮೀಟರ್, ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್. ಮೊದಲು ಸಿಗುವುದು ಎದುರುಗಾಳಿ. ರೆಕ್ಕೆಗೆ ಬಲ ಬರುತ್ತದೆ, ವಿಮಾನ ಮೇಲೇಳುತ್ತದೆ. ಪೈಲಟ್ ಎಂಜಿನ್ ತಗ್ಗಿಸುತ್ತಾನೆ. ಮೋಸ ಇರುವುದೇ ಇಲ್ಲಿ. ಮರುಕ್ಷಣ ಮೇಲಿನಿಂದ ಒತ್ತು, ಅದರ ಬೆನ್ನಿಗೇ ಹಿಂಗಾಳಿ. ರೆಕ್ಕೆಯ ಬಲ ಸೋರಿಹೋಗುತ್ತದೆ. ತಗ್ಗಿಸಿದ ಎಂಜಿನ್ ಮತ್ತೆ ಮೈಕೊಡವಿ ಏಳಲು ಕೆಲವು ಸೆಕೆಂಡು ಬೇಕು, ಕೆಳಗೆ ಅಷ್ಟು ಆಕಾಶವೇ ಉಳಿದಿರುವುದಿಲ್ಲ. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ 191 ವಿಮಾನ ಹೀಗೆಯೇ ಬಿತ್ತು; ಸತ್ತವರು 137.

ಆ ಬಳಿಕ ವಿಮಾನದ ಮೂತಿಯಲ್ಲಿನ ರಾಡಾರ್ ಕಿಲೋಮೀಟರುಗಟ್ಟಲೆ ಮುಂದಿನ ಗಾಳಿಯ ತಿರುವನ್ನು ಅಳೆಯುವುದನ್ನು ಕಲಿತಿದೆ. 'ವಿಂಡ್‌ಶಿಯರ್' ಎಂದು ಕಾಕ್‌ಪಿಟ್ಟಿನಲ್ಲಿ ದನಿ ಮೊಳಗಿದರೆ ವಾದವಿಲ್ಲ: ಪೂರ್ತಿ ಎಂಜಿನ್, ಮೂತಿ ಮೇಲಕ್ಕೆ. ಸಿಕ್ಕಿಬಿದ್ದಾಗ ಚಕ್ರ ಮಡಚಲೂ ಕೈಹಾಕುವುದಿಲ್ಲ. ಅದರ ಬಾಗಿಲು ತೆರೆದರೆ ಗಾಳಿಯ ಎಳೆತ ಇನ್ನಷ್ಟು.

ನನ್ನನ್ನು ಕೇಳಿದರೆ, ಈ ಸೀಮೆಗೆ ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ವಿಮಾನವೇ ಸರಿ. ಸಂಜೆಯದೇ ಬೇಕೆಂದರೆ, ಮೋಡ ಕರಗುವ ತನಕ ಮೇಲೆ ಸುತ್ತಲಿಕ್ಕೂ, ಅದೂ ಆಗದಿದ್ದರೆ ಬೆಳಗಾವಿಗೋ ಕಲಬುರಗಿಗೋ ಹೋಗಲಿಕ್ಕೂ ಸಾಲುವಷ್ಟು ಇಂಧನ ಟ್ಯಾಂಕಿನಲ್ಲಿರಬೇಕು.