ಹಳದಿಗೆ ತಿರುಗಿದ ಹಿಮ

ಕಳೆದ ದೀಪಾವಳಿಗೆ ಮನೆ ಸಾರಿಸುವಾಗ ರಾಣೆಬೆನ್ನೂರಿನ ಸೋದರಮಾವನ ಅಟ್ಟದಿಂದ ಒಂದು ತಗಡಿನ ಟ್ರಂಕು ಕೆಳಗಿಳಿಯಿತು. ಅದರೊಳಗೆ ರಟ್ಟು ಹರಿದ ಚಂದಮಾಮಗಳು, ನಾಲ್ಕಾರು ಕನ್ನಡ ಇಂದ್ರಜಾಲ ಕಾಮಿಕ್ಸ್‌ಗಳು. ಅವುಗಳ ನಡುವೆ ಒಂದು ಇಂಗ್ಲಿಷ್ ಚಿತ್ರಕಥೆ: ಅಮೆರಿಕದ ಡೆಲ್ ಕಂಪನಿಯ ‘ಫ್ರಾಸ್ಟಿ ದಿ ಸ್ನೋಮ್ಯಾನ್’. ಮುಖಪುಟದ ಮೇಲೆ ಬೆಲೆ ಹತ್ತು ಸೆಂಟು. ಇಂಥದ್ದು ಈ ಊರಿಗೆ ಹೇಗೆ ಬಂತು ಎಂದು ಕೇಳಿದರೆ, “ರದ್ದಿ ಅಂಗಡ್ಯಾಗ ಸಿಕ್ಕಿತ್ತು, ನಾಕಾಣೆ ಕೊಟ್ಟಿದ್ದೆ” ಎಂದಷ್ಟೇ ಮಾವ ಹೇಳಿದರು.

ಫ್ರಾಸ್ಟಿ ಹುಟ್ಟಿದ್ದು ಪುಸ್ತಕದಲ್ಲಲ್ಲ, ಹಾಡಿನಲ್ಲಿ. ವಾಲ್ಟರ್ ರಾಲಿನ್ಸ್ ಮತ್ತು ಸ್ಟೀವ್ ನೆಲ್ಸನ್ ರಚಿಸಿದ ಆ ಹಾಡನ್ನು 1950ರಲ್ಲಿ ಜೀನ್ ಆಟ್ರಿ ಹಾಡಿದರು. ಮಕ್ಕಳು ಹಿಮದಿಂದ ಮಾಡಿದ ಬೊಂಬೆಯ ತಲೆಗೆ ಟೋಪಿ ಇಟ್ಟೊಡನೆ ಅದಕ್ಕೆ ಜೀವ ಬರುತ್ತದೆ. ಹಾಡು ಗೆದ್ದಿತು. ಮರುವರ್ಷವೇ ಡೆಲ್ ಚಿತ್ರಕಥೆ ತಂದಿತು. ಮುಂದೆ ಹತ್ತು ವರ್ಷದಷ್ಟು ಕಾಲ ಚಳಿಗಾಲ ಬಂತೆಂದರೆ ಫ್ರಾಸ್ಟಿಯ ಪುಸ್ತಕವೂ ಬರುತ್ತಿತ್ತು.

ಹಿಮವನ್ನೇ ಕಾಣದ ಊರಿನಲ್ಲಿ ಕುಳಿತು ಹಿಮದ ಕಥೆ ಓದುವುದೆಂದರೇನು? ಎಂಟೊಂಬತ್ತು ವರ್ಷದ ಹುಡುಗನಾಗಿದ್ದ ಮಾವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಚಿತ್ರ ನೋಡಿಯೇ ಕಥೆ ಕಟ್ಟಿಕೊಳ್ಳಬೇಕು. ಬೆಳ್ಳಗೆ, ಮೆತ್ತಗೆ, ರಾಶಿರಾಶಿಯಾಗಿ ಬಿದ್ದಿರುವುದನ್ನು ಅವರು ರಾಣೆಬೆನ್ನೂರಿನಲ್ಲಿ ಆಗಲೇ ಕಂಡಿದ್ದರು. “ಹತ್ತಿ ಅಂತ ತಿಳ್ಕೊಂಡಿದ್ದೆ ನೋಡಪಾ. ಹತ್ತಿ ಆದ್ರ ಅಂವ ಬಿಸಲಿಗೆ ಯಾಕ ಅಂಜತಾನ ಅನ್ನೋದೊಂದು ತಿಳೀಲಿಲ್ಲ.” ಹುಡುಗನ ಊಹೆಯನ್ನು ನಗುವಂತಿಲ್ಲ. ನಮ್ಮಲ್ಲಿ ಕ್ರಿಸ್‌ಮಸ್ ಗೋದಲಿ ಅಲಂಕರಿಸುವವರೂ ಹಿಮಕ್ಕೆಂದು ಹರಡುವುದು ಹತ್ತಿಯನ್ನೇ.

ಹಿಮವಿದ್ದರೂ ಬೊಂಬೆ ಆಗಿಯೇ ಬಿಡುತ್ತದೆ ಎಂದಿಲ್ಲ. ಕಡು ಚಳಿಯಲ್ಲಿ ಬೀಳುವ ಒಣ ಹಿಮ ಹಿಟ್ಟಿನಂತೆ ಉದುರುತ್ತದೆ, ಉಂಡೆ ಕಟ್ಟುವುದಿಲ್ಲ. ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದು, ಹಿಮದಲ್ಲಿ ಒಂದಿಷ್ಟು ನೀರಿನ ಪಸೆ ಇದ್ದಾಗ ಮಾತ್ರ ಅದು ಒಂದಕ್ಕೊಂದು ಅಂಟುತ್ತದೆ. ಜೋಳದ ಹಿಟ್ಟಿಗೆ ನೀರು ಹದವಾಗಿ ಬೀಳದಿದ್ದರೆ ರೊಟ್ಟಿ ತಟ್ಟಲಾಗದು ಎಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾವನ ಮೊಮ್ಮಗಳ ಸಮಸ್ಯೆ ಬೇರೆ. ಅವಳು ಟೀವಿಯಲ್ಲಿ ಬೇಕಾದಷ್ಟು ಹಿಮ ನೋಡಿದ್ದಾಳೆ. ಪುಸ್ತಕ ಬಿಡಿಸಿದವಳೇ, “ಅಜ್ಜಾ, ಇದರಾಗಿನ ಬರ್ಫ ಯಾಕ ಹಳದಿ ಐತಿ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಆ ಕಾಲದ ಬಣ್ಣದ ಕಾಮಿಕ್ಸ್ ಅಚ್ಚಾಗುತ್ತಿದ್ದುದು ನಾಲ್ಕೇ ಶಾಯಿಗಳಲ್ಲಿ: ನೀಲಿ, ಕೆಂಪು, ಹಳದಿ, ಕಪ್ಪು. ಬಿಳಿ ಶಾಯಿ ಇರಲಿಲ್ಲ. ಹಾಗಾಗಿ ಹಿಮ ಎಂದು ನಾವು ನೋಡುವುದು ಏನೂ ಅಚ್ಚಾಗದ ಬರಿ ಕಾಗದವನ್ನು. ಚಿತ್ರಕಾರ ಅಂಚಿಗೊಂದು ಕಪ್ಪು ಗೆರೆ ಎಳೆದು, ನೆರಳಿಗೆ ನೀಲಿಯ ಸಣ್ಣ ಚುಕ್ಕೆಗಳನ್ನಿಟ್ಟು ಕೈಬಿಟ್ಟಿರುತ್ತಾನೆ. ಉಳಿದದ್ದನ್ನು ಓದುಗನ ಕಣ್ಣು ತುಂಬಿಕೊಳ್ಳುತ್ತದೆ. ಆದರೆ ಅಗ್ಗದ ಆ ಕಾಗದ ಮರದ ತಿರುಳಿನದು. ಅದರಲ್ಲಿ ಉಳಿದಿರುವ ಲಿಗ್ನಿನ್ ಎಂಬ ಅಂಶ ಗಾಳಿ ಬೆಳಕಿಗೆ ಹಳದಿಗಟ್ಟುತ್ತದೆ. ಫ್ರಾಸ್ಟಿಯ ಟೋಪಿಯ ಕಪ್ಪು, ಹುಡುಗರ ಅಂಗಿಯ ಕೆಂಪು ಇನ್ನೂ ನಿಂತಿವೆ. ಹಿಮ ಮಾತ್ರ ಗೋವಿನಜೋಳದ ರೊಟ್ಟಿಯ ಬಣ್ಣಕ್ಕೆ ತಿರುಗಿದೆ.

ಇದನ್ನು ಕನ್ನಡದಲ್ಲಿ ಅವಳಿಗೆ ಓದಿ ಹೇಳಲು ಹೊರಟಾಗ ಮೊದಲ ಪುಟದಲ್ಲೇ ನಾನು ಸಿಕ್ಕಿಬಿದ್ದೆ. ಸ್ನೋಮ್ಯಾನ್‌ಗೆ ಏನೆನ್ನುವುದು? ‘ಹಿಮಮಾನವ’ ಎಂದರೆ ಪತ್ರಿಕೆ ಓದುವವರಿಗೆ ನೆನಪಾಗುವುದು ಹಿಮಾಲಯದ ಯೇತಿ. ‘ಮಂಜಿನ ಬೊಂಬೆ’ ಎನ್ನೋಣವೆಂದರೆ ಮಂಜು ಎಂದರೆ ಇಲ್ಲಿ ಬೆಳಗಿನ ಮುಸುಕು, ಕೈಗೆ ಸಿಕ್ಕುವಂಥದ್ದಲ್ಲ. ಅದೂ ಬ್ಯಾಡಗಿಯ ಕಡೆ ಮಂಜು ಆಟದ ವಸ್ತುವಲ್ಲ. ಕಣದಲ್ಲಿ ಮೆಣಸಿನಕಾಯಿ ಹರವಿದ ರೈತನಿಗೆ ಮಂಜು, ಇಬ್ಬನಿ ಎಂದರೆ ಒಣಗಿದ ಕಾಯಿ ಮತ್ತೆ ಥಂಡಿ ಹಿಡಿಯುವ ಭಯ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಅದರ ಕಡುಗೆಂಪಿನಿಂದ, ಬಣ್ಣ ಕೆಟ್ಟರೆ ದರವೂ ಇಳಿಯಿತು. ಫ್ರಾಸ್ಟಿಯ ಊರಿನಲ್ಲಿ ಚಳಿಗಾಲದ ಗುಡ್ಡಗಳು ಬೆಳ್ಳಗಿದ್ದರೆ, ಬ್ಯಾಡಗಿ ಮಾರುಕಟ್ಟೆಯಲ್ಲಿ ಅವು ಕೆಂಪಗಿರುತ್ತವೆ, ಮೇಲೆ ಘಾಟು ಬೇರೆ. ನಮ್ಮ ‘ಹೇಮಂತ’ ಋತುವಿನ ಹೆಸರಿನಲ್ಲಿ ಹಿಮದ ಬೇರೇ ಇದೆ. ಆದರೆ ಹೆಸರು ಬಂದಷ್ಟು ದೂರ ಹಿಮ ಬರಲಿಲ್ಲ. ಕೊನೆಗೆ ಅವಳೇ ‘ಬರ್ಫಿನ ಗೊಂಬಿ’ ಎಂದಳು. ನನಗೂ ಅದೇ ಸರಿಯೆನಿಸಿತು.

ವಿದೇಶಿ ಹಿಮ ಕನ್ನಡ ಚಿತ್ರಕಥೆಗೆ ಹೊಸದೇನಲ್ಲ. ಅಮರ ಚಿತ್ರಕಥೆ ಎಂದೊಡನೆ ಕಾರ್ಕಳ ಮೂಲದ ಅನಂತ ಪೈ ಹಾಗೂ ಮುಂಬಯಿ ನೆನಪಾಗುತ್ತವೆ. ಆದರೆ ಆ ಹೆಸರಿನ ಮಾಲೆ 1965ರಲ್ಲಿ ಶುರುವಾದದ್ದು ಕನ್ನಡದಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ. ಮೊದಲ ಹತ್ತು ಪುಸ್ತಕಗಳೂ ಸಿಂಡ್ರೆಲಾ, ಸ್ನೋ ವೈಟ್‌ನಂಥ ಪರದೇಶದ ಕಥೆಗಳು. ಆಮೇಲೆ ಇಂಗ್ಲಿಷಿನಲ್ಲಿ ಬಂದ ‘ಕೃಷ್ಣ’ದ ಸಂಖ್ಯೆ ಹನ್ನೊಂದು. ಮೊದಲ ಹತ್ತು ಎಲ್ಲಿ ಹೋದವು ಎಂದು ಹುಡುಕುವ ಸಂಗ್ರಾಹಕರಿಗೆ ಕನ್ನಡವೇ ಉತ್ತರ. ದುಃಖದ ಸಂಗತಿಯೆಂದರೆ ನಮ್ಮ ಟ್ರಂಕಿನಲ್ಲಿ ಆ ಹತ್ತರಲ್ಲಿ ಒಂದೂ ಇರಲಿಲ್ಲ. 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತ ಇಂದ್ರಜಾಲದ ಪ್ರತಿಗಳೂ ಹೊರಳಿಸಿದರೆ ಅಂಚು ಮುರಿಯುವ ಸ್ಥಿತಿಯಲ್ಲಿದ್ದವು.

ಫ್ರಾಸ್ಟಿಯಲ್ಲಿ ಮಾವನಿಗೆ ಮೊದಲ ನೋಟಕ್ಕೇ ಗುರುತು ಸಿಕ್ಕ ವಸ್ತು ಒಂದಿತ್ತು: ಬಾಯಲ್ಲಿದ್ದ ಚುಟ್ಟಾದ ಕೊಳವೆ. ಅದು ಗೋವಿನಜೋಳದ ದಿಂಡಿನದು. ಕಾಳು ಬಿಡಿಸಿದ ದಿಂಡಿನ ಮೆತ್ತನೆಯ ತಿರುಳು ಕೊರೆದು ಕೊಳವೆ ಮಾಡುವ ಕಾರ್ಖಾನೆ ಅಮೆರಿಕದ ಮಿಸ್ಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ 1869ರಿಂದ ನಡೆದಿದೆ. ಹಾವೇರಿ ಜಿಲ್ಲೆಯಲ್ಲಿ ಇಂದು ಗೋವಿನಜೋಳದ ಹೊಲಗಳಿಗೆ ಕೊರತೆಯಿಲ್ಲ. ದಿಂಡು ಮಾತ್ರ ಒಲೆಗೆ ಹೋಗುತ್ತದೆ. ಚಿತ್ರ ನೋಡಿದ ಆ ಬೇಸಿಗೆಯಲ್ಲಿ ಮಾವ ಮತ್ತು ಗೆಳೆಯರು ದಿಂಡೊಂದನ್ನು ಮೊಳೆಯಿಂದ ಕೊರೆದು, ಪಪ್ಪಾಯಿ ಎಲೆಯ ದಂಟು ಸಿಕ್ಕಿಸಿ, ಒಳಗೆ ಒಣ ಎಲೆ ತುರುಕಿ ಹಿತ್ತಲಲ್ಲಿ ಹೊಗೆ ಎಬ್ಬಿಸಿದ್ದರಂತೆ. ಅಜ್ಜಿ ಕಸಬರಿಗೆ ಹಿಡಿದು ಬಂದಿದ್ದರಿಂದ ಎರಡನೆಯ ಕೊಳವೆ ತಯಾರಾಗಲಿಲ್ಲ.