ಗೌರವಧನವೋ, ಸಂಬಳವೋ?

ಅಂಗನವಾಡಿ ಕಾರ್ಯಕರ್ತೆಯರ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. 2006ರದು ಕರ್ನಾಟಕದಿಂದಲೇ ಹೋದ ಪ್ರಕರಣ. ಇವರದು ಕಾನೂನಿನಿಂದ ಸೃಷ್ಟಿಯಾದ ಹುದ್ದೆಯಲ್ಲ, ಸರ್ಕಾರಿ ನೌಕರರ ನೇಮಕಾತಿ ನಿಯಮ ಇವರಿಗಿಲ್ಲ, ಇವರು ಮಾಡುತ್ತಿರುವುದು ಸರ್ಕಾರದ ಕಾರ್ಯವೂ ಅಲ್ಲ ಎಂದು ಕೋರ್ಟ್ ಹೇಳಿತು. ಆಡಳಿತ ನ್ಯಾಯಮಂಡಳಿಯ ಬಾಗಿಲು ಮುಚ್ಚಿತು. 2022ರ ಏಪ್ರಿಲ್‌ನ ತೀರ್ಪು ಗುಜರಾತಿನ ದಾಹೋದ್ ಜಿಲ್ಲೆಯ ಪ್ರಕರಣದ್ದು. ನ್ಯಾಯಮೂರ್ತಿಗಳಾದ ಅಜಯ್ ರಸ್ತೋಗಿ, ಅಭಯ್ ಓಕಾ ಹಳೆಯ ತೀರ್ಪನ್ನು ತಳ್ಳಿಹಾಕಲಿಲ್ಲ. ಅಲ್ಲಿನ ಪ್ರಶ್ನೆ ಸರ್ಕಾರಿ ಹುದ್ದೆಯದು, ಇಲ್ಲಿನದು ಗ್ರಾಚ್ಯುಟಿಯದು ಎಂದು ಬಿಡಿಸಿ ಹೇಳಿದರು. ದುಡಿಮೆಗೆ ಪ್ರತಿಯಾಗಿ ಕೈಗೆ ಬರುವ ಹಣಕ್ಕೆ ಗೌರವಧನ ಎಂದು ಹೆಸರಿಟ್ಟರೂ 1972ರ ಗ್ರಾಚ್ಯುಟಿ ಕಾಯ್ದೆಯ ಕಣ್ಣಿಗೆ ಅದು ವೇತನವೇ ಎಂಬ ಆ ನಿಲುವು ನನಗೆ ಪೂರ್ತಿ ಸರಿ ಎನಿಸುತ್ತದೆ.

ಏಕೆಂದರೆ ಈ ನಡುವೆ ಹೊಣೆಯ ಸ್ವರೂಪವೇ ಬದಲಾಗಿತ್ತು. 1975ರಲ್ಲಿ ಯೋಜನೆಯಾಗಿ ಶುರುವಾದ ಕೆಲಸಕ್ಕೆ 2013ರ ಆಹಾರ ಭದ್ರತಾ ಕಾಯ್ದೆ ಕಾನೂನಿನ ಬಲ ಕೊಟ್ಟಿತು: ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ, ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಊಟ ಸಿಗುವುದು ಈಗ ಹಕ್ಕು. ಹಕ್ಕನ್ನು ತಲುಪಿಸುವವಳು ಮಾತ್ರ ಸ್ವಯಂಸೇವಕಿ ಎಂದರೆ ಒಪ್ಪುವುದು ಹೇಗೆ? ಅರೆಕಾಲಿಕ ಕೆಲಸ ಎಂಬ ವಾದವಿದೆ. ಆದರೆ ಮಕ್ಕಳ ತೂಕ, ಚುಚ್ಚುಮದ್ದಿನ ದಿನ, ಶಾಲಾಪೂರ್ವ ಪಾಠ, ಮನೆ ಭೇಟಿ, ಪೋಷಣ್ ಟ್ರ್ಯಾಕರ್‌ಗೆ ವಿವರ ತುಂಬುವುದು, ಇವೆಲ್ಲ ಕೇಂದ್ರದ ಬಾಗಿಲು ತೆರೆದಿರುವ ಗಂಟೆಗಳಲ್ಲಿ ಮುಗಿಯುವಂಥವಲ್ಲ. ಕರ್ತವ್ಯಗಳ ಪಟ್ಟಿ ನೋಡಿದ ಕೋರ್ಟ್ ಕೂಡ ಇದನ್ನು ಪೂರ್ಣಾವಧಿ ಕೆಲಸವೆಂದೇ ಕಂಡಿತು.

ಬೊಕ್ಕಸಕ್ಕೆ ಹೊರೆಯಾಗುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ, ರಾಜ್ಯಗಳ ಖರ್ಚು ನಿಜಕ್ಕೂ ಏರುತ್ತದೆ. ಆದರೆ ಆ ಹೊರೆ ಈಗಲೂ ಇದೆ, ಹೊರುತ್ತಿರುವವರು ಕಾರ್ಯಕರ್ತೆ ಮತ್ತು ಸಹಾಯಕಿ. ಕನಿಷ್ಠ ವೇತನ, ಪಿಂಚಣಿ ಕೊಡಬೇಕೆಂದು 45ನೇ ಭಾರತೀಯ ಕಾರ್ಮಿಕ ಸಮ್ಮೇಳನ 2013ರಲ್ಲೇ ಶಿಫಾರಸು ಮಾಡಿತ್ತು. ಅದು ಜಾರಿಯಾಗದೆ ಗ್ರಾಚ್ಯುಟಿಯೊಂದೇ ಸಿಕ್ಕರೆ ಎಷ್ಟಾಗುತ್ತದೆ ನೋಡಿ. 2022ರ ತೀರ್ಪು ಬಂದಾಗ ಗುಜರಾತಿನ ಕಾರ್ಯಕರ್ತೆಗೆ ತಿಂಗಳಿಗೆ 7,800 ರೂಪಾಯಿ, ಸಹಾಯಕಿಗೆ 3,950. ಸೇವೆಯ ವರ್ಷವೊಂದಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನವೆಂಬ ಲೆಕ್ಕ. ಮೂವತ್ತು ವರ್ಷ ದುಡಿದ ಕಾರ್ಯಕರ್ತೆಗೆ 1,35,000 ರೂಪಾಯಿ; ಅಷ್ಟೇ ವರ್ಷ ಒಲೆಯ ಮುಂದೆ ಕಳೆದ ಸಹಾಯಕಿಗೆ ಎಪ್ಪತ್ತು ಸಾವಿರವೂ ಇಲ್ಲ.