ಹೊಲದಲ್ಲಿ ಬಿಟ್ಟುಹೋದ ಬೈಕು ಯಾರದು?

ನಮ್ಮ ಜಮೀನಿನಲ್ಲಿ ಯಾರೋ ಗಾಡಿ ಬಿಟ್ಟುಹೋಗಿ ವರ್ಷ ಕಳೆದರೆ ಅದು ನಮ್ಮದೇ ಅಂತ ಕಲ್ಯದ ಕಡೆ ಎಷ್ಟೋ ಜನ ನಂಬಿದ್ದಾರೆ. ಹಾಗಿಲ್ಲ. ಭೂಮಿ ನಮ್ಮದಾದರೂ ಗಾಡಿ ಅದರ ಮಾಲೀಕನದೇ.

ರೋಹಿಣಿ ಮಳೆಯಲ್ಲಿ ನಮ್ಮ ರಾಗಿ ಹೊಲದಲ್ಲಿ ನಿಲ್ಲಿಸಿ ಹೋದ ಬೈಕು ಆರಿದ್ರೆ ಬಂದರೂ ಅಲ್ಲೇ. ಉಳೋಕೆ ಅಡ್ಡ. "ಗುಜರಿಗೆ ಹಾಕಣ್ಣೋ" ಅಂದವರೇ ಹೆಚ್ಚು. ಕದ್ದ ಮಾಲಾಗಿದ್ದರೆ ಮಾರಿದವನೇ ಕಟಕಟೆ ಹತ್ತಬೇಕು! ಗಾಡಿ ನಂಬರು, ಚಾಸಿ ನಂಬರು, ಸರ್ವೆ ನಂಬರು, ಕಂಡ ದಿನ ಬರೆದು ಠಾಣೆಗೆ ಅರ್ಜಿ ಕೊಟ್ಟು ಹಿಂಬರಹ ಪಡೆದೆ. ಕಳುವಿನದೇ ಆಗಿತ್ತು, ಮಾಲೀಕ ಕೋರ್ಟಿನಿಂದ ಬಿಡಿಸಿಕೊಂಡ. ಹಿಂಬರಹದ ಚೀಟಿ ಈಗಲೂ ಪಹಣಿ ಜೊತೆಗೇ ಇಟ್ಟಿದ್ದೇನೆ.

ಮಾಲೀಕ ಪತ್ತೆಯಾಗದಿದ್ದರೆ? ಪೊಲೀಸರ ವರದಿ ಮೇಲೆ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಬಹುದು. 6 ತಿಂಗಳಲ್ಲಿ ಯಾರೂ ಹಕ್ಕು ತೋರಿಸದಿದ್ದರೆ ಗಾಡಿ ಸರ್ಕಾರಕ್ಕೆ. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 457, 458ನೇ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503, 504. ಹರಾಜಾದರೆ ನಾವೂ ಕೂಗಬಹುದು. ಕೊಂಡ 30 ದಿನದೊಳಗೆ ಫಾರಂ 32 ತುಂಬಿ, ಹರಾಜು ಮಂಜೂರಾದ ಆದೇಶದ ಜೊತೆ ಆರ್.ಟಿ.ಒ.ಗೆ ಕೊಡಬೇಕು. ಆಗಲೇ ಆರ್.ಸಿ. ನಮ್ಮ ಹೆಸರಿಗಾಗೋದು.

ಮಾಲೀಕನೇ ಸಿಕ್ಕಿ ಮಾರಲು ಒಪ್ಪಿದರೆ ಫಾರಂ 29, 30 ಸಾಕು. ಸಾಲವಿದ್ದರೆ ಫೈನಾನ್ಸಿನವರ ಒಪ್ಪಿಗೆಯೂ ಬೇಕು. ಬರೀ ಗುಜರಿಗೆಂದು ಹರಾಜಾಗುವ ಗಾಡಿಗೆ ಆರ್.ಸಿ. ಸಿಗದು. ಕೂಗೋಕೆ ಮುಂಚೆ ಕೇಳಿಕೊಳ್ಳಿ.